ಮಧುಮೇಹ ಮತ್ತು ವೈರಾಣುಜನ್ಯ ಶ್ವಾಸಕೋಶದ ಸೋಂಕುಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನೆಗಡಿ, ಕೆಮ್ಮು, ಗಂಟಲು ನೋವು ಮತ್ತು ಜ್ವರ ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು. ಬಹುತೇಕ ಸಂದರ್ಭಗಳಲ್ಲಿ ಇವುಗಳಿಗೆ ವೈರಾಣುಗಳೇ ಕಾರಣವಾಗಿದ್ದು, ಆರೋಗ್ಯವಂತರಲ್ಲಿ ಕೆಲವು ದಿನಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆದರೆ ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಇದೇ ಸೋಂಕು ನ್ಯುಮೋನಿಯಾಕ್ಕೆ ತಿರುಗುವ, ಆಸ್ಪತ್ರೆಗೆ ದಾಖಲಾಗಬೇಕಾಗುವ ಹಾಗೂ ಪ್ರಾಣಕ್ಕೆ ಅಪಾಯ ತರುವ ಸಂಭವ ಹೆಚ್ಚು. 2009ರ ಎಚ್1ಎನ್1 ಜ್ವರದ ಸಂದರ್ಭದಲ್ಲಿಯೂ, 2020ರಿಂದ ಹರಡಿದ ಕೋವಿಡ್-19ರ ಸಂದರ್ಭದಲ್ಲಿಯೂ ಇದು ಸ್ಪಷ್ಟವಾಗಿ ಕಂಡುಬಂದಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿತ್ತು. ಇನ್ನೂ ಸುಮಾರು 13.6 ಕೋಟಿ ಜನರು ಮಧುಮೇಹದ ಪೂರ್ವ ಸ್ಥಿತಿಯಲ್ಲಿದ್ದರು. ಆದುದರಿಂದ ಈ ವಿಷಯವು ನಾಡಿನ ಬಹುತೇಕ ಎಲ್ಲ ಕುಟುಂಬಗಳಿಗೂ ಸಂಬಂಧಪಟ್ಟಿದೆ.

ಈ ಅಪಾಯದಲ್ಲಿ ವಯಸ್ಸಿನಂತಹ ಕೆಲವು ಅಂಶಗಳು ನಮ್ಮ ಕೈಯಲ್ಲಿಲ್ಲ. ಆದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಜ್ವರ ಬಂದಾಗ ಔಷಧಿಯನ್ನು ತಾವಾಗಿ ನಿಲ್ಲಿಸದಿರುವುದು ಮತ್ತು ತಡಮಾಡದೆ ವೈದ್ಯರನ್ನು ಕಾಣುವುದು ರೋಗಿ ಮತ್ತು ಮನೆಯವರ ಕೈಯಲ್ಲಿಯೇ ಇವೆ. ಈ ಮೂರು ವಿಷಯಗಳನ್ನು ಸಾರ್ವಜನಿಕರಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

2. ಸೋಂಕು ತಗಲುವುದು ಮತ್ತು ಸೋಂಕು ಉಲ್ಬಣಿಸುವುದು

ಮಧುಮೇಹವಿದ್ದವರಿಗೆ ವೈರಾಣು ಬೇಗ ಅಂಟುತ್ತದೆ ಎಂಬ ತಿಳಿವಳಿಕೆ ಜನರಲ್ಲಿದೆ. ಸೋಂಕಿತ ವ್ಯಕ್ತಿ ಕೆಮ್ಮಿದಾಗ, ಸೀನಿದಾಗ ಹೊರಬೀಳುವ ಹನಿಗಳು ಮತ್ತು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಮಧುಮೇಹಿಗಳನ್ನು ಆರಿಸಿಕೊಂಡು ಹೋಗುವುದಿಲ್ಲ. ಒಂದೇ ಮನೆಯಲ್ಲಿ ವಾಸಿಸುವವರೆಲ್ಲರಿಗೂ ಸೋಂಕು ತಗಲುವ ಅವಕಾಶವಿದೆ. ಮುಖ್ಯವಾದ ವ್ಯತ್ಯಾಸ ಕಂಡುಬರುವುದು ಸೋಂಕು ತಗಲಿದ ನಂತರ. ಮನೆಯ ಉಳಿದವರು ಐದಾರು ದಿನಗಳಲ್ಲಿ ಚೇತರಿಸಿಕೊಂಡರೆ, ಮಧುಮೇಹಿಯಲ್ಲಿ ರೋಗವು ಶ್ವಾಸಕೋಶದ ಆಳಕ್ಕೆ ಇಳಿಯುವ ಸಂಭವ ಹೆಚ್ಚು.

2009ರ ಎಚ್1ಎನ್1 ಜ್ವರದ ಸಮಯದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನಡೆದ ಅಧ್ಯಯನದಂತೆ, ಮಧುಮೇಹಿಗಳು ಆಸ್ಪತ್ರೆಗೆ ದಾಖಲಾಗುವ ಸಂಭವ ಇತರರಿಗಿಂತ ಸುಮಾರು 3 ಪಟ್ಟು ಇತ್ತು. ದಾಖಲಾದವರಲ್ಲಿ ತೀವ್ರ ನಿಗಾ ಘಟಕಕ್ಕೆ ಹೋಗಬೇಕಾದ ಸಂಭವ ಸುಮಾರು 4 ಪಟ್ಟು ಇತ್ತು.

2020ರ ಮಾರ್ಚ್ 1ರಿಂದ ಮೇ 11ರವರೆಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೋವಿಡ್-19ರಿಂದ ಸಂಭವಿಸಿದ 23,698 ಮರಣಗಳನ್ನು ಪರಿಶೀಲಿಸಿದಾಗ, ಮೃತರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಮಧುಮೇಹವಿತ್ತು. ವಯಸ್ಸು, ಲಿಂಗ, ಜನಾಂಗ, ಬಡತನ ಮೊದಲಾದವುಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ಮರಣದ ಸಂಭವ ಟೈಪ್-2 ಮಧುಮೇಹಿಗಳಲ್ಲಿ ಸುಮಾರು 2 ಪಟ್ಟು ಹಾಗೂ ಟೈಪ್-1 ಮಧುಮೇಹಿಗಳಲ್ಲಿ ಸುಮಾರು 3.5 ಪಟ್ಟು ಇತ್ತು. ಇದೇ ಅಧ್ಯಯನದಲ್ಲಿ 40 ವರ್ಷದೊಳಗಿನ ಮಧುಮೇಹಿಗಳಲ್ಲಿ ಮರಣದ ಒಟ್ಟು ಸಂಭವ ತೀರ ಕಡಿಮೆ ಇದ್ದುದೂ ಕಂಡುಬಂದಿದೆ. ಈ ಅಂಕಿಗಳು ಲಸಿಕೆ ಬರುವುದಕ್ಕೆ ಮುಂಚಿನ ಅವಧಿಯವು ಎಂಬುದನ್ನು ಗಮನಿಸಬೇಕು. ಮಧುಮೇಹವಿದೆ ಎಂದ ಮಾತ್ರಕ್ಕೆ ಪ್ರತಿಯೊಬ್ಬರೂ ಭಯಪಡಬೇಕಾಗಿಲ್ಲ. ಆದರೆ ನಿರ್ಲಕ್ಷಿಸುವಂತೆಯೂ ಇಲ್ಲ.

3. ಮಧುಮೇಹವು ಸೋಂಕನ್ನು ಉಲ್ಬಣಗೊಳಿಸುವ ಬಗೆ

ಇದಕ್ಕೆ ಒಂದೇ ಕಾರಣವಿಲ್ಲ. ಹಲವು ಕಾರಣಗಳು ಒಟ್ಟುಗೂಡಿ ಕೆಲಸ ಮಾಡುತ್ತವೆ.

ಅ) ರೋಗ ನಿರೋಧಕ ಶಕ್ತಿಯ ಕುಂದು: ರೋಗಾಣುಗಳನ್ನು ಹುಡುಕಿ ನುಂಗಿ ನಾಶಮಾಡುವುದು ಬಿಳಿ ರಕ್ತಕಣಗಳ ಕೆಲಸ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಾಗಿದ್ದರೆ ಈ ಕಣಗಳು ಸೋಂಕಿನ ಸ್ಥಳವನ್ನು ತಲಪುವುದು ತಡವಾಗುತ್ತದೆ ಮತ್ತು ಅವುಗಳ ನುಂಗುವ ಶಕ್ತಿ ಕುಂದುತ್ತದೆ. ಇದರಿಂದ ವೈರಾಣುವಿಗೆ ಬೆಳೆಯಲು ಕಾಲಾವಕಾಶ ದೊರೆಯುತ್ತದೆ.

ಆ) ಅತಿಯಾದ ಉರಿಯೂತ: ಮಧುಮೇಹಿಗಳಲ್ಲಿ, ವಿಶೇಷವಾಗಿ ಬೊಜ್ಜು ಇರುವವರಲ್ಲಿ, ದೇಹದೊಳಗೆ ಮಂದವಾದ ಉರಿಯೂತ ಸದಾ ಇರುತ್ತದೆ. ಸೋಂಕು ತಗಲಿದಾಗ ಆರಂಭದಲ್ಲಿ ದೇಹದ ಪ್ರತಿರೋಧ ನಿಧಾನವಾಗಿದ್ದು, ನಂತರ ಮಿತಿಮೀರುತ್ತದೆ. ಹೀಗೆ ಮಿತಿಮೀರಿದ ಉರಿಯೂತವು ವೈರಾಣುವಿನಷ್ಟೇ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು.

ಇ) ಶ್ವಾಸನಾಳದಲ್ಲಿ ಸಕ್ಕರೆ: ಆರೋಗ್ಯವಂತರ ಶ್ವಾಸನಾಳದ ಒಳಪದರದ ದ್ರವದಲ್ಲಿ ಸಕ್ಕರೆಯ ಅಂಶ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ರಕ್ತದ ಸಕ್ಕರೆ ಏರಿದಾಗ ಈ ದ್ರವದಲ್ಲಿಯೂ ಸಕ್ಕರೆ ಹೆಚ್ಚುತ್ತದೆ. ಇದು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಅನುಕೂಲ. ವೈರಾಣು ಸೋಂಕಿನ ಬೆನ್ನಿಗೆ ಬ್ಯಾಕ್ಟೀರಿಯಾ ನ್ಯುಮೋನಿಯಾ ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ಈ) ರಕ್ತನಾಳ, ಹೃದಯ ಮತ್ತು ಮೂತ್ರಪಿಂಡ: ಹಲವು ವರ್ಷಗಳ ಮಧುಮೇಹವು ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ ಮತ್ತು ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತದೆ. ತೀವ್ರ ಸೋಂಕು ಹೃದಯದ ಮೇಲೆಯೂ ಭಾರ ಹಾಕುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜಾ ಖಚಿತವಾದ ನಂತರದ 7 ದಿನಗಳಲ್ಲಿ ಹೃದಯಾಘಾತದ ಸಂಭವ ಇತರ ಸಮಯಕ್ಕಿಂತ ಸುಮಾರು 6 ಪಟ್ಟು ಹೆಚ್ಚಾಗಿದ್ದುದು ಕಂಡುಬಂದಿದೆ. ಮಧುಮೇಹಿಗಳಲ್ಲಿ ಹೃದ್ರೋಗವೂ ಹೆಚ್ಚಾಗಿರುವುದರಿಂದ ಈ ಅಂಶ ಅವರಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ಉ) ಬೊಜ್ಜು: ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಾಗಿರುವವರಲ್ಲಿ ವಪೆ ಕೆಳಗಿಳಿಯಲು ಅಡ್ಡಿಯಾಗಿ, ಶ್ವಾಸಕೋಶದ ಕೆಳಭಾಗ ಪೂರ್ಣವಾಗಿ ಅರಳುವುದಿಲ್ಲ. ಆದ್ದರಿಂದ ನ್ಯುಮೋನಿಯಾ ಬಂದಾಗ ಆಮ್ಲಜನಕದ ಕೊರತೆ ಬೇಗ ಕಾಣಿಸಿಕೊಳ್ಳುತ್ತದೆ.

4. ಸೋಂಕು ಮಧುಮೇಹವನ್ನು ಕೆಡಿಸುವ ಬಗೆ

ಸಂಬಂಧವು ಒಮ್ಮುಖವಾದುದಲ್ಲ. ಮಧುಮೇಹವು ಸೋಂಕನ್ನು ಹೆಚ್ಚಿಸುವಂತೆ ಸೋಂಕು ಸಹ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಜ್ವರ ಬಂದಾಗ ದೇಹವು ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಇವು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ ಮತ್ತು ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತವೆ. ಹೀಗಾಗಿ ರೋಗಿಯು ಏನನ್ನೂ ತಿನ್ನದಿದ್ದರೂ ಸಕ್ಕರೆ ಏರಬಹುದು.

ಈ ಅಂಶವನ್ನು ಅರಿಯದೆ ಅನೇಕರು ಜ್ವರ ಬಂದಾಗ "ಊಟವೇ ಸೇರುತ್ತಿಲ್ಲ, ಮಾತ್ರೆ ಏಕೆ" ಎಂದು ಮಾತ್ರೆಯನ್ನೂ ಇನ್ಸುಲಿನ್ ಚುಚ್ಚುಮದ್ದನ್ನೂ ನಿಲ್ಲಿಸುತ್ತಾರೆ. ಇದು ಅಪಾಯಕಾರಿ. ಏರಿದ ಸಕ್ಕರೆ ಮೂತ್ರದ ಮೂಲಕ ಹೊರಹೋಗುವಾಗ ದೇಹದ ನೀರನ್ನೂ ಕೊಂಡೊಯ್ಯುತ್ತದೆ. ಜ್ವರ, ವಾಂತಿಗಳಿಂದ ನಿರ್ಜಲತೆ ಮತ್ತಷ್ಟು ಹೆಚ್ಚುತ್ತದೆ. ಇನ್ಸುಲಿನ್ ಸಾಲದಾದಾಗ ದೇಹವು ಕೊಬ್ಬನ್ನು ಕರಗಿಸಿ ಶಕ್ತಿ ಪಡೆಯಲು ತೊಡಗಿ, ಕೀಟೋನ್ ಎಂಬ ಆಮ್ಲೀಯ ಪದಾರ್ಥಗಳು ರಕ್ತದಲ್ಲಿ ಸೇರಿಕೊಳ್ಳುತ್ತವೆ. ಹೊಟ್ಟೆ ನೋವು, ವಾಂತಿ, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನಂತಹ ವಾಸನೆ, ಮಂಪರು ಇದರ ಲಕ್ಷಣಗಳು. ಟೈಪ್-1 ಮಧುಮೇಹಿಗಳಲ್ಲಿ ಇದು ಹೆಚ್ಚು. ವಯಸ್ಸಾದ ಟೈಪ್-2 ಮಧುಮೇಹಿಗಳಲ್ಲಿ ಕೀಟೋನ್ ಹೆಚ್ಚದೆಯೂ ಸಕ್ಕರೆ ವಿಪರೀತ ಏರಿ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. ಎರಡೂ ತುರ್ತು ಚಿಕಿತ್ಸೆ ಬೇಕಾದ ಸ್ಥಿತಿಗಳು.

ಕೀಟೋನ್‌ನಿಂದ ಬರುವ ಏದುಸಿರನ್ನು ಶ್ವಾಸಕೋಶದ ಸೋಂಕಿನ ಏದುಸಿರೆಂದೇ ಭಾವಿಸುವ ಸಾಧ್ಯತೆಯಿದೆ. ಆದ್ದರಿಂದ ಆಸ್ಪತ್ರೆಗೆ ಬಂದ ಕೂಡಲೇ ರೋಗಿಗೆ ಮಧುಮೇಹವಿರುವುದನ್ನು ಮೊದಲಿಗೇ ತಿಳಿಸಬೇಕು.

5. ಯಾರಿಗೆ ಅಪಾಯ ಹೆಚ್ಚು

ಮಧುಮೇಹಿಗಳಲ್ಲಿ ಈ ಕೆಳಕಂಡವರು ವಿಶೇಷ ಎಚ್ಚರಿಕೆ ವಹಿಸಬೇಕು:

- 60 ವರ್ಷ ಮೀರಿದವರು
- ರಕ್ತದ ಸಕ್ಕರೆ ಬಹುಕಾಲದಿಂದ ಹತೋಟಿಯಲ್ಲಿಲ್ಲದವರು
- ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಪಾರ್ಶ್ವವಾಯು ಅಥವಾ ಅಧಿಕ ರಕ್ತದೊತ್ತಡ ಇರುವವರು
- ಆಸ್ತಮಾ ಅಥವಾ ಧೂಮಪಾನದಿಂದ ಉಂಟಾದ ಶ್ವಾಸಕೋಶದ ಕಾಯಿಲೆ ಇರುವವರು
- ಬೊಜ್ಜು ಇರುವವರು
- ಗರ್ಭಿಣಿಯರು
- ಬೇರೆ ಕಾಯಿಲೆಗಾಗಿ ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿರುವವರು

ಸಕ್ಕರೆಯ ಹತೋಟಿಗೂ ರೋಗದ ತೀವ್ರತೆಗೂ ಇರುವ ಸಂಬಂಧವನ್ನು ಚೀನಾದ ಹುಬೇ ಪ್ರಾಂತ್ಯದ ಆಸ್ಪತ್ರೆಗಳಿಂದ 2020ರಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಕೋವಿಡ್-19ರಿಂದ ದಾಖಲಾಗಿದ್ದ ಟೈಪ್-2 ಮಧುಮೇಹಿಗಳಲ್ಲಿ, ಸಕ್ಕರೆಯು ಪ್ರತಿ ಡೆಸಿಲೀಟರ್‌ಗೆ 70ರಿಂದ 180 ಮಿಲಿಗ್ರಾಂ ಒಳಗೆ ಇದ್ದವರಲ್ಲಿ ಮರಣ ಪ್ರಮಾಣ ಶೇ. 1.1 ಆಗಿದ್ದರೆ, ಹತೋಟಿ ಮೀರಿದ್ದವರಲ್ಲಿ ಶೇ. 11 ಆಗಿತ್ತು. ರೋಗ ತೀವ್ರವಾದಂತೆ ಸಕ್ಕರೆಯೂ ಏರುವುದರಿಂದ ಈ ವ್ಯತ್ಯಾಸವನ್ನೆಲ್ಲ ಸಕ್ಕರೆಯೊಂದಕ್ಕೇ ಆರೋಪಿಸಲಾಗದು. ಆದರೂ ಚಿಕಿತ್ಸೆಯ ಅವಧಿಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಶ್ವಾಸಕೋಶದ ಚಿಕಿತ್ಸೆಯಷ್ಟೇ ಮುಖ್ಯ ಎಂಬುದು ವೈದ್ಯರ ಒಮ್ಮತದ ಅಭಿಪ್ರಾಯ.

ತಮಗೆ ಮಧುಮೇಹವಿದೆ ಎಂಬುದೇ ತಿಳಿಯದವರು ಮತ್ತೊಂದು ವರ್ಗ. ಆರಂಭದಲ್ಲಿ ಮಧುಮೇಹಕ್ಕೆ ಲಕ್ಷಣಗಳಿರುವುದಿಲ್ಲ. ಜ್ವರದಿಂದ ಆಸ್ಪತ್ರೆಗೆ ಸೇರಿದಾಗ ಮೊದಲ ಬಾರಿಗೆ ಪತ್ತೆಯಾಗುವ ಪ್ರಕರಣಗಳು ಸಾಕಷ್ಟಿವೆ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ 200 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.5 ಅಥವಾ ಹೆಚ್ಚು ಬಂದಲ್ಲಿ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಲಕ್ಷಣಗಳಿಲ್ಲದವರಲ್ಲಿ ಪರೀಕ್ಷೆಯನ್ನು ಪುನಃ ಮಾಡಿ ಖಚಿತಪಡಿಸಿಕೊಳ್ಳಲಾಗುತ್ತದೆ. 30 ವರ್ಷ ಮೀರಿದ ಪ್ರತಿಯೊಬ್ಬರೂ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

6. ಸ್ಟೀರಾಯ್ಡ್ ಔಷಧಿ ಮತ್ತು ಕಪ್ಪು ಶಿಲೀಂಧ್ರ: 2021ರ ಪಾಠ

2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಹೆಸರಿನ ಪ್ರಯೋಗದಿಂದ, ಆಮ್ಲಜನಕದ ಅಗತ್ಯವಿರುವ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಅನ್ನು ಗರಿಷ್ಠ 10 ದಿನಗಳವರೆಗೆ ನೀಡಿದರೆ ಮರಣ ಕಡಿಮೆಯಾಗುತ್ತದೆ ಎಂದು ತಿಳಿದುಬಂತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಇದರಿಂದ ಪ್ರಯೋಜನ ಕಂಡುಬರಲಿಲ್ಲ. ಆದರೆ 2021ರ ಎರಡನೇ ಅಲೆಯಲ್ಲಿ ದೇಶದ ಹಲವೆಡೆ ಸೌಮ್ಯ ರೋಗಕ್ಕೂ, ಹೆಚ್ಚಿನ ಪ್ರಮಾಣದಲ್ಲಿಯೂ, ಕೆಲವೊಮ್ಮೆ ವೈದ್ಯರ ಚೀಟಿಯಿಲ್ಲದೆಯೂ ಸ್ಟೀರಾಯ್ಡ್ ಬಳಕೆಯಾಯಿತು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ತೀವ್ರವಾಗಿ ಏರಿಸುತ್ತದೆ ಮತ್ತು ರೋಗ ನಿರೋಧಕ ಶಕ್ತಿಯನ್ನು ಅಡಗಿಸುತ್ತದೆ.

ಇದರ ಪರಿಣಾಮವಾಗಿ ಮ್ಯೂಕರ್‌ಮೈಕೋಸಿಸ್ ಅಥವಾ ಕಪ್ಪು ಶಿಲೀಂಧ್ರ ರೋಗ ವ್ಯಾಪಕವಾಗಿ ಕಾಣಿಸಿಕೊಂಡಿತು. 2021ರ ಮೇ ತಿಂಗಳಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇದನ್ನು ಅಧಿಸೂಚಿತ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಸೂಚಿಸಿತು. 2021ರ ಜೂನ್ 28ರಂದು ಕೇಂದ್ರ ಸರ್ಕಾರವು ನೀಡಿದ ಮಾಹಿತಿಯಂತೆ ದೇಶದಲ್ಲಿ ಅಲ್ಲಿಯವರೆಗೆ 40,845 ಪ್ರಕರಣಗಳು ವರದಿಯಾಗಿದ್ದು, 3,129 ಜನರು ಮೃತಪಟ್ಟಿದ್ದರು. ಪೀಡಿತರಲ್ಲಿ ಶೇ. 64ರಷ್ಟು ಜನರಿಗೆ ಮಧುಮೇಹವಿತ್ತು. ಶೇ. 52ಕ್ಕೂ ಹೆಚ್ಚು ಜನರು ಸ್ಟೀರಾಯ್ಡ್ ಪಡೆದಿದ್ದರು. ಅನೇಕರು ಕಣ್ಣು ಅಥವಾ ಮೇಲ್ದವಡೆಯನ್ನು ಕಳೆದುಕೊಂಡರು.

ಈ ಶಿಲೀಂಧ್ರವು ಮಣ್ಣು, ಕೊಳೆತ ಎಲೆ, ಗೊಬ್ಬರಗಳಲ್ಲಿ ಸಹಜವಾಗಿ ಇರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಮಾಡದ ಈ ಶಿಲೀಂಧ್ರಕ್ಕೆ ಹತೋಟಿ ಮೀರಿದ ಸಕ್ಕರೆಯೇ ದಾರಿ ತೆರೆಯುತ್ತದೆ. ಆದ್ದರಿಂದ ಯಾವುದೇ ವೈರಾಣು ಜ್ವರದಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಾವಾಗಿ ಕೊಂಡು ಸೇವಿಸಬಾರದು. ಹಳೆಯ ಚೀಟಿಯನ್ನು ಮತ್ತೆ ಬಳಸಬಾರದು. ವೈದ್ಯರು ಸ್ಟೀರಾಯ್ಡ್ ಬರೆದಾಗ ಸಕ್ಕರೆಯನ್ನು ದಿನಕ್ಕೆ ಹಲವು ಬಾರಿ ಪರೀಕ್ಷಿಸಬೇಕು. ಬೇರೆ ಕಾಯಿಲೆಗಾಗಿ ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು ಅದನ್ನು ಹಠಾತ್ತನೆ ನಿಲ್ಲಿಸುವುದೂ ಅಪಾಯಕರ. ವೈದ್ಯರ ಸಲಹೆಯಂತೆಯೇ ನಡೆದುಕೊಳ್ಳಬೇಕು.

7. ಜ್ವರ, ಕೆಮ್ಮು ಬಂದಾಗ ಮಧುಮೇಹಿಗಳು ಅನುಸರಿಸಬೇಕಾದ ಕ್ರಮಗಳು

1) ಇನ್ಸುಲಿನ್ ಪಡೆಯುತ್ತಿರುವವರು ಅದನ್ನು ಸಂಪೂರ್ಣವಾಗಿ ನಿಲ್ಲಿಸಬಾರದು. ಟೈಪ್-1 ಮಧುಮೇಹಿಗಳಿಗೆ ಇದು ಪ್ರಾಣದ ಪ್ರಶ್ನೆ. ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬೇಕಾದಲ್ಲಿ ವೈದ್ಯರನ್ನು ಕೇಳಬೇಕು.

2) ಮನೆಯಲ್ಲಿ ಗ್ಲೂಕೋಮೀಟರ್ ಇದ್ದಲ್ಲಿ 4ರಿಂದ 6 ಗಂಟೆಗೊಮ್ಮೆ ಸಕ್ಕರೆಯನ್ನು ಪರೀಕ್ಷಿಸಿ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡಬೇಕು. ಗ್ಲೂಕೋಮೀಟರ್ ಇಲ್ಲದವರು ಸಮೀಪದ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

3) ಕೆಲವು ಮಾತ್ರೆಗಳನ್ನು ಅನಾರೋಗ್ಯದ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ವಾಂತಿ, ಭೇದಿ, ನಿರ್ಜಲತೆ ಇದ್ದಾಗ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳು ಕೀಟೋನ್ ಹೆಚ್ಚಿಸಬಹುದು. ಮೆಟ್‌ಫಾರ್ಮಿನ್ ಕೂಡ ಅಂತಹ ಸ್ಥಿತಿಯಲ್ಲಿ ಸೂಕ್ತವಲ್ಲ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಊಟ ಸೇರದಿದ್ದಾಗ ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಜ್ವರ ಬರುವ ಮುನ್ನವೇ ವೈದ್ಯರಿಂದ ಕೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳುವುದು ಉತ್ತಮ.

4) ಉಪವಾಸವಿರಬಾರದು. ಊಟ ಸೇರದಿದ್ದಲ್ಲಿ ಗಂಜಿ, ರಾಗಿ ಅಂಬಲಿ, ಬೇಳೆಯ ತಿಳಿಸಾರು, ಇಡ್ಲಿ ಮೊದಲಾದವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಸೇವಿಸಬೇಕು. ನೀರು, ನೀರು ಮಜ್ಜಿಗೆಗಳನ್ನು ಸಾಕಷ್ಟು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿನ ಮಿತಿ ಹೇಳಿರುವವರು ವೈದ್ಯರನ್ನು ವಿಚಾರಿಸಬೇಕು.

5) ಶುಂಠಿ, ಮೆಣಸು, ತುಳಸಿಯ ಕಷಾಯ ಕುಡಿಯುವ ರೂಢಿ ನಮ್ಮಲ್ಲಿದೆ. ಕುಡಿಯುವುದಾದರೆ ಬೆಲ್ಲ, ಜೇನುತುಪ್ಪ ಬೆರೆಸದೆ ಕುಡಿಯಬೇಕು. ಬೆಲ್ಲ, ಜೇನುತುಪ್ಪಗಳೂ ಸಕ್ಕರೆಯಂತೆಯೇ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಕೆಮ್ಮಿನ ಸಿರಪ್ ಕೊಳ್ಳುವಾಗ ಸಕ್ಕರೆ ರಹಿತವಾದುದನ್ನು ಕೇಳಿ ಪಡೆಯಬೇಕು. ಕಷಾಯವು ಔಷಧಿಗೆ ಬದಲಿಯಲ್ಲ.

6) ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ಅಥವಾ ಬೆವರು, ನಡುಕ, ತಲೆಸುತ್ತು ಕಂಡುಬಂದರೆ, ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. 15 ನಿಮಿಷಗಳ ನಂತರ ಪುನಃ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

7) ಪಲ್ಸ್ ಆಕ್ಸಿಮೀಟರ್ ಇದ್ದಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಆಮ್ಲಜನಕದ ಮಟ್ಟವನ್ನು ನೋಡಬೇಕು. ಬೆರಳು ಬೆಚ್ಚಗಿದ್ದು, ಉಗುರು ಬಣ್ಣ ಇರಬಾರದು. 94ಕ್ಕಿಂತ ಕಡಿಮೆ ಬಂದಲ್ಲಿ ಆಸ್ಪತ್ರೆಗೆ ಹೋಗಬೇಕು.

8) ಸೋಂಕಿತರು ಮಾಸ್ಕ್ ಧರಿಸಬೇಕು. ಗಾಳಿ ಬೆಳಕು ಇರುವ ಕೋಣೆಯಲ್ಲಿರಬೇಕು. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕು ಮತ್ತು ಕೈಗಳನ್ನು ಸೋಪಿನಿಂದ ತೊಳೆಯಬೇಕು. ಮನೆಯಲ್ಲಿ ಮಧುಮೇಹಿಗಳಿದ್ದು ಬೇರೆಯವರಿಗೆ ಜ್ವರವಿದ್ದಾಗಲೂ ಇದು ಅನ್ವಯಿಸುತ್ತದೆ.

8. ಎಚ್1ಎನ್1 ಜ್ವರದಲ್ಲಿ ರೋಗಿಗಳ ವರ್ಗೀಕರಣ

ಎಚ್1ಎನ್1 ಜ್ವರಕ್ಕೆ ಸಂಬಂಧಿಸಿದಂತೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯು ರೋಗಿಗಳನ್ನು ಎ, ಬಿ ಮತ್ತು ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸುತ್ತದೆ.

ಎ ವರ್ಗ: ಸೌಮ್ಯ ಜ್ವರ, ಕೆಮ್ಮು, ಗಂಟಲು ನೋವು ಮಾತ್ರ ಇರುವವರು. ಇವರಿಗೆ ವೈರಾಣು ನಿರೋಧಕ ಔಷಧಿಯಾಗಲಿ ಗಂಟಲು ದ್ರವದ ಪರೀಕ್ಷೆಯಾಗಲಿ ಬೇಕಾಗಿಲ್ಲ. ಮನೆಯಲ್ಲಿಯೇ ವಿಶ್ರಾಂತಿ ಪಡೆಯಬೇಕು.

ಬಿ ವರ್ಗ: ಹೆಚ್ಚಿನ ಜ್ವರ, ತೀವ್ರ ಗಂಟಲು ನೋವು ಇರುವವರು, ಹಾಗೂ ಲಕ್ಷಣಗಳು ಸೌಮ್ಯವಾಗಿದ್ದರೂ ಅಪಾಯದ ಗುಂಪಿಗೆ ಸೇರಿದವರು. ಮಧುಮೇಹಿಗಳು ಈ ಅಪಾಯದ ಗುಂಪಿನಲ್ಲಿದ್ದಾರೆ. ಇವರಿಗೆ ಪರೀಕ್ಷೆಯ ವರದಿಗೆ ಕಾಯದೆ ಒಸೆಲ್ಟಾಮಿವಿರ್ ಔಷಧಿ ನೀಡಲು ಅವಕಾಶವಿದೆ.

ಸಿ ವರ್ಗ: ಏದುಸಿರು, ಎದೆ ನೋವು, ಮಂಪರು, ರಕ್ತದೊತ್ತಡ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಯಾಗುವಿಕೆ ಇರುವವರು. ಇವರನ್ನು ಕೂಡಲೇ ದಾಖಲಿಸಿ, ಪರೀಕ್ಷೆ ಮತ್ತು ಚಿಕಿತ್ಸೆ ನೀಡಬೇಕು.

ಇದರ ಅರ್ಥವೇನೆಂದರೆ, ಇತರರಿಗೆ ಎ ವರ್ಗದಲ್ಲಿ ಬರುವಂತಹ ಸಾಧಾರಣ ಜ್ವರವೇ ಮಧುಮೇಹಿಯನ್ನು ಬಿ ವರ್ಗಕ್ಕೆ ಸೇರಿಸುತ್ತದೆ. ಒಸೆಲ್ಟಾಮಿವಿರ್ ಔಷಧಿಯು ಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪರಿಣಾಮಕಾರಿ. ಆದುದರಿಂದ "ನಾಲ್ಕು ದಿನ ನೋಡೋಣ" ಎಂದು ಮಧುಮೇಹಿಗಳು ಕಾಯುವುದು ಸರಿಯಲ್ಲ.

9. ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

- ಉಸಿರಾಟಕ್ಕೆ ತೊಂದರೆ, ಮಾತನಾಡುವಾಗ ಏದುಸಿರು
- ಎದೆಯಲ್ಲಿ ನೋವು ಅಥವಾ ಒತ್ತಡ
- ಗೊಂದಲ, ಅತಿಯಾದ ಮಂಪರು
- ಸಕ್ಕರೆ ಸತತವಾಗಿ 300 ಮಿಲಿಗ್ರಾಂಗಿಂತ ಹೆಚ್ಚಿರುವುದು
- ಪದೇ ಪದೇ ವಾಂತಿಯಾಗಿ ನೀರೂ ನಿಲ್ಲದಿರುವುದು
- ಮೂತ್ರದ ಪ್ರಮಾಣ ಬಹಳ ಕಡಿಮೆಯಾಗುವುದು
- ಜ್ವರ ಇಳಿದು ಚೇತರಿಸಿಕೊಂಡ ನಂತರ ಪುನಃ ಜ್ವರ, ಕೆಮ್ಮು ಹೆಚ್ಚುವುದು
- ಮುಖದ ಒಂದು ಬದಿ ನೋವು, ಊತ, ಮೂಗಿನಿಂದ ಕಪ್ಪು ಸ್ರಾವ, ಹಲ್ಲು ಸಡಿಲವಾಗುವುದು, ದೃಷ್ಟಿ ಮಂಜಾಗುವುದು

ಬಹುಕಾಲದ ಮಧುಮೇಹದಿಂದ ನರಗಳು ಕೆಟ್ಟಿರುವವರಲ್ಲಿ ಹೃದಯಾಘಾತವಾದರೂ ಎದೆ ನೋವು ಕಾಣಿಸದಿರಬಹುದು. ಹಠಾತ್ ಸುಸ್ತು, ಬೆವರು, ಏದುಸಿರುಗಳನ್ನೂ ಗಂಭೀರವಾಗಿ ಪರಿಗಣಿಸಬೇಕು. ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

10. ಲಸಿಕೆಗಳು

ಇನ್‌ಫ್ಲುಯೆಂಜಾ ಲಸಿಕೆ: ವೈರಾಣು ಆಗಾಗ್ಗೆ ರೂಪ ಬದಲಿಸುವುದರಿಂದ ಈ ಲಸಿಕೆಯನ್ನು ಪ್ರತಿ ವರ್ಷ ಪಡೆಯಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕಾಗುತ್ತದೆ. ಆದ್ದರಿಂದ ಜ್ವರದ ಹಂಗಾಮು ಆರಂಭವಾಗುವ ಮುನ್ನವೇ ಪಡೆಯುವುದು ಒಳ್ಳೆಯದು. ಲಸಿಕೆ ಪಡೆದವರಿಗೂ ಜ್ವರ ಬರಬಹುದು. ಆದರೆ ಅದು ತೀವ್ರವಾಗುವ ಸಂಭವ ಕಡಿಮೆ.

ನ್ಯುಮೋಕಾಕಲ್ ಲಸಿಕೆ: ವೈರಾಣು ಜ್ವರದ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ರಕ್ಷಣೆ ನೀಡುತ್ತದೆ. ಮಧುಮೇಹವಿರುವ ವಯಸ್ಕರಿಗೆ ವೈದ್ಯರು ಇದನ್ನು ಸಲಹೆ ಮಾಡುತ್ತಾರೆ.

ಕೋವಿಡ್-19 ಲಸಿಕೆ: ದೇಶದಲ್ಲಿ 2021ರ ಜನವರಿ 16ರಂದು ಲಸಿಕಾ ಕಾರ್ಯಕ್ರಮ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿಯನ್ನು ಕೊನೆಗೊಳಿಸಿದ್ದರೂ ವೈರಾಣು ಇಲ್ಲವಾಗಿಲ್ಲ. ಹೆಚ್ಚುವರಿ ಡೋಸಿನ ಅಗತ್ಯದ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

11. ಸೇವೆಗಳನ್ನು ಪಡೆಯುವ ವಿಧಾನ

ಅ) ತಪಾಸಣೆ: 30 ವರ್ಷ ಮೀರಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಆಯುಷ್ಮಾನ್ ಆರೋಗ್ಯ ಮಂದಿರಗಳು ಹಾಗೂ ನಗರ ಪ್ರದೇಶದ ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ಸಮಯದಲ್ಲಿ ನೋಂದಣಿ ಮಾಡಿಕೊಳ್ಳುತ್ತಾರೆ.

ಆ) ನಿಯಮಿತ ಚಿಕಿತ್ಸೆ: ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್‌ಗಳಿವೆ. ಮೊದಲ ಭೇಟಿಗೆ ಗುರುತಿನ ಚೀಟಿ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ತರಬೇಕು.

ಇ) ಒಳರೋಗಿ ಚಿಕಿತ್ಸೆ: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂಪಾಯಿ ಮಿತಿಗೊಳಪಟ್ಟು ನೆರವಿದೆ. ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ ಅವಶ್ಯಕ. ಸಾಮಾನ್ಯ ಸಂದರ್ಭದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರದ ವಿನಾಯಿತಿ ಇದೆ.

ಈ) ದೂರ ಸಮಾಲೋಚನೆ: ಕೇಂದ್ರಕ್ಕೆ ಬರಲಾಗದವರು ಇ-ಸಂಜೀವಿನಿ ಸೇವೆಯ ಮೂಲಕ ವೈದ್ಯರ ಸಲಹೆ ಪಡೆಯಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಸಕ್ಕರೆ ಹತೋಟಿಯಲ್ಲಿದೆ. ನನಗೂ ಅಪಾಯವಿದೆಯೇ?
ಉತ್ತರ: ಅಪಾಯ ಬಹಳಮಟ್ಟಿಗೆ ಕಡಿಮೆ. ಆದರೆ ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಅವಲಂಬಿಸಿ ಸ್ವಲ್ಪ ಅಪಾಯ ಉಳಿಯುತ್ತದೆ. ಲಸಿಕೆ ಪಡೆಯುವುದು ಮತ್ತು ಜ್ವರ ಬಂದಾಗ ಸಕ್ಕರೆ ಪರೀಕ್ಷಿಸುವುದು ಅವಶ್ಯಕ.

ಪ್ರಶ್ನೆ: ಜ್ವರದ ಸಮಯದಲ್ಲಿ ಮೊದಲ ಬಾರಿಗೆ ಸಕ್ಕರೆ ಹೆಚ್ಚು ಬಂದಿದೆ. ನನಗೆ ಮಧುಮೇಹ ಬಂದಿದೆಯೇ?
ಉತ್ತರ: ಸೋಂಕಿನ ಒತ್ತಡದಿಂದಲೂ ತಾತ್ಕಾಲಿಕವಾಗಿ ಸಕ್ಕರೆ ಏರಬಹುದು. ಎಚ್‌ಬಿಎ1ಸಿ ಪರೀಕ್ಷೆಯಿಂದ ಹಳೆಯ ಮಧುಮೇಹವೋ ಅಲ್ಲವೋ ಎಂಬುದರ ಅಂದಾಜು ಸಿಗುತ್ತದೆ. ಗುಣವಾದ ನಂತರ ಪರೀಕ್ಷೆಯನ್ನು ಪುನಃ ಮಾಡಿಸಬೇಕು. ಅಲ್ಲಿಯವರೆಗೆ ವೈದ್ಯರು ಹೇಳಿದ ಚಿಕಿತ್ಸೆಯನ್ನು ಮುಂದುವರಿಸಬೇಕು.

ಪ್ರಶ್ನೆ: ಮಾತ್ರೆಯಲ್ಲಿದ್ದ ನನಗೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟಿದ್ದಾರೆ. ಇನ್ನು ಜೀವನಪರ್ಯಂತ ಇನ್ಸುಲಿನ್ ಬೇಕೇ?
ಉತ್ತರ: ಹಾಗೇನಿಲ್ಲ. ತೀವ್ರ ಸೋಂಕಿನಲ್ಲಿ ಸಕ್ಕರೆಯನ್ನು ಸಾಮಾನ್ಯವಾಗಿ 140ರಿಂದ 180 ಮಿಲಿಗ್ರಾಂ ಒಳಗೆ ಇಡಲು ಇನ್ಸುಲಿನ್ ಸುರಕ್ಷಿತ ವಿಧಾನ. ಟೈಪ್-2 ಮಧುಮೇಹಿಗಳಲ್ಲಿ ಅನೇಕರು ಗುಣವಾದ ನಂತರ ಮಾತ್ರೆಗೆ ಮರಳುತ್ತಾರೆ. ಈ ಭಯದಿಂದ ಇನ್ಸುಲಿನ್ ನಿರಾಕರಿಸಬಾರದು.

ಪ್ರಶ್ನೆ: ಆಂಟಿಬಯಾಟಿಕ್ ತೆಗೆದುಕೊಂಡರೆ ಬೇಗ ಗುಣವಾಗುವುದಿಲ್ಲವೇ?
ಉತ್ತರ: ಆಂಟಿಬಯಾಟಿಕ್ ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದೆ ಎಂದು ವೈದ್ಯರು ತೀರ್ಮಾನಿಸಿದಾಗ ಮಾತ್ರ ಪಡೆಯಬೇಕು.

ಪ್ರಶ್ನೆ: ಜ್ವರ ಹೋಗಿದೆ, ಕೆಮ್ಮು ಮಾತ್ರ ನಿಂತಿಲ್ಲ. ಏನು ಮಾಡಬೇಕು?
ಉತ್ತರ: ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಮಧುಮೇಹಿಗಳಲ್ಲಿ ಕ್ಷಯ ರೋಗದ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.

13. ಕೊನೆಯ ಮಾತು

ಮಧುಮೇಹವಿರುವ ಪ್ರತಿ ಮನೆಯಲ್ಲಿಯೂ ಒಂದು ಹಾಳೆಯಲ್ಲಿ ರೋಗಿಯು ಸೇವಿಸುತ್ತಿರುವ ಔಷಧಿಗಳ ಹೆಸರು ಮತ್ತು ಪ್ರಮಾಣ, ಇತ್ತೀಚಿನ ಸಕ್ಕರೆ ಪರೀಕ್ಷೆಯ ಫಲಿತಾಂಶ, ಪಡೆದಿರುವ ಲಸಿಕೆಗಳ ದಿನಾಂಕ, ಜ್ವರ ಬಂದಾಗ ಯಾವ ಔಷಧಿ ಮುಂದುವರಿಸಬೇಕೆಂಬ ವೈದ್ಯರ ಸೂಚನೆ ಇವಿಷ್ಟನ್ನು ಬರೆದು ಎಲ್ಲರಿಗೂ ಕಾಣುವಲ್ಲಿ ಇಡುವುದು ಒಳಿತು. ರಾತ್ರಿ ವೇಳೆ ಆಸ್ಪತ್ರೆಗೆ ಧಾವಿಸಬೇಕಾದಾಗ ಈ ಹಾಳೆಯನ್ನು ಜೊತೆಗೆ ಕೊಂಡೊಯ್ದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ವೈದ್ಯರ ಸಲಹೆಗೆ ಪರ್ಯಾಯವಲ್ಲ. ಹೆಚ್ಚಿನ ವಿವರಗಳಿಗಾಗಿ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.